ಮುಂದಿನ ಬ್ರೇಕು

"ಮುಂದಿನ ಬ್ರೇಕು ಮುಟ್ಬೇಡ ಕಣಮ್ಮ, ಮಕಾಡೆ ಬೀಳ್ತೀಯ."

ಪಿಯುಸಿ ಮುಗಿದ ಬೇಸಿಗೆಯಲ್ಲಿ, ಗುಬ್ಬಿ ತಾಲ್ಲೂಕಿನ ನಮ್ಮೂರ ಹೈಸ್ಕೂಲು ಮೈದಾನದಲ್ಲಿ ಅಪ್ಪ ನನಗೆ ಬೈಕು ಕಲಿಸಿದ್ದು ಈ ಒಂದು ಮಾತಿನ ಮೇಲೆ. ಕ್ಲಚ್ಚು, ಗೇರು, ಎಕ್ಸಲೇಟರು ಎಲ್ಲ ಆಮೇಲೆ. ಮೊದಲು ನನ್ನ ಬಲಗೈಯ ಬೆರಳುಗಳನ್ನು ಒಂದೊಂದಾಗಿ ಹ್ಯಾಂಡಲ್ಲಿನ ಸುತ್ತ ಮಡಿಸಿ, "ಈ ಬೆರಳು ಇಲ್ಲೇ ಇರ್ಬೇಕು. ಗಾಡಿ ನಿಲ್ಸೋದು ಕಾಲಲ್ಲಿ" ಅಂದ. ಅಪ್ಪ ಪ್ರೈಮರಿ ಸ್ಕೂಲಿನ ಮೇಷ್ಟ್ರು. ಮಗ್ಗಿಯನ್ನು ಹೇಗೆ ಹೇಳಿಕೊಡುತ್ತಿದ್ದನೋ ಹಾಗೆಯೇ ಇದನ್ನೂ ಹೇಳಿಕೊಟ್ಟ. ಮಗ್ಗಿ ಹೇಗೆ ಇವತ್ತಿಗೂ ಮರೆತಿಲ್ಲವೋ ಇದೂ ಮರೆಯಲಿಲ್ಲ. ಒಂಬತ್ತು ವರ್ಷ ನನ್ನ ಬಲಗೈ ಬೆರಳು ಬ್ರೇಕಿನ ಲಿವರ್ ಕಡೆ ಹೋಗಲಿಲ್ಲ.

ಆ ಒಂಬತ್ತು ವರ್ಷದಲ್ಲಿ ಬಹಳ ಓಡಿಸಿದ್ದೆ. ಎಂ.ಎ. ಮುಗಿಸಿ ಪಿಎಚ್‌ಡಿಗೆ ಸೇರಿದಾಗ ಅಕ್ಕ-ಭಾವನ ಮನೆ ದೊಡ್ಡನೆಕ್ಕುಂದಿಯಲ್ಲಿತ್ತು. ನನ್ನ ವಿಭಾಗ ಜ್ಞಾನಭಾರತಿಯಲ್ಲಿ. ಬೆಂಗಳೂರಿನ ಪೂರ್ವದ ಅಂಚಿನಿಂದ ಪಶ್ಚಿಮದ ಅಂಚಿಗೆ, ಒಂದು ದಿಕ್ಕಿಗೇ 25 ಕಿಲೋಮೀಟರಿಗಿಂತ ಹೆಚ್ಚು. ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡ 2014ರ ಪಲ್ಸರ್ 150. ರಿಂಗ್ ರೋಡಿನ ಮೆಟ್ರೊ ಕಂಬಗಳು ಒಂದೊಂದಾಗಿ ಮೇಲೇಳುವುದನ್ನು, ಅವುಗಳ ಪಕ್ಕದ ತಗಡಿನ ಬೇಲಿ ವಾರಕ್ಕೊಂದು ಸಲ ಜಾಗ ಬದಲಿಸುವುದನ್ನು ನೋಡುತ್ತ ನೋಡುತ್ತಲೇ ಓಡಿಸಿದ್ದೇನೆ. ಎಲ್ಲಿ ಮ್ಯಾನ್‌ಹೋಲ್ ಎದ್ದಿದೆ, ಯಾವ ತಿರುವಿನಲ್ಲಿ ನೀರಿನ ಟ್ಯಾಂಕರು ಚೆಲ್ಲಿಕೊಂಡು ಹೋಗುತ್ತದೆ, ಎಲ್ಲ ಗೊತ್ತಿತ್ತು. ಯಾರಾದರೂ ಕೇಳಿದರೆ "ನನ್ನ ಕೈ ಪಳಗಿದೆ" ಅನ್ನುತ್ತಿದ್ದೆ, ಸ್ವಲ್ಪ ಜಂಬದಿಂದಲೇ.

ಕೈ ಎನ್ನುವುದು ನನ್ನ ಸಂಶೋಧನೆಯ ವಿಷಯವೂ ಹೌದು. ಬೆಂಗಳೂರು ಪೂರ್ವದ ಕುಶಲಕರ್ಮಿಗಳ ವೃತ್ತಿಪದಗಳನ್ನು ನಾನು ಸಂಗ್ರಹಿಸುತ್ತೇನೆ. ಶಿವಾಜಿನಗರದ ಗುಜರಿ ಬೀದಿಗಳಲ್ಲಿ, ಹಲಸೂರಿನ ಬಡಗಿಗಳಲ್ಲಿ, ಕೆ.ಆರ್. ಪುರದ ಗ್ಯಾರೇಜುಗಳಲ್ಲಿ ಕೂತು ಅವರ ಮಾತು ರೆಕಾರ್ಡ್ ಮಾಡಿಕೊಳ್ಳುವುದು ನನ್ನ ಕೆಲಸ. ಎಲ್ಲರೂ ಒಂದು ಹಂತದಲ್ಲಿ ಒಂದೇ ಮಾತಿಗೆ ಬಂದು ನಿಲ್ಲುತ್ತಾರೆ. "ಅದು ಹೇಳಕ್ಕಾಗಲ್ಲಮ್ಮ, ಕೈಗೆ ಗೊತ್ತು." ಇದನ್ನೇ ಹಿಡಿದುಕೊಂಡು ಒಂದು ಅಧ್ಯಾಯ ಬರೆದಿದ್ದೆ. ಮೈಕೆಲ್ ಪೊಲಾನಿಯನ್ನು ಉಲ್ಲೇಖಿಸಿದ್ದೆ. ಸೈಕಲ್ ಹೊಡೆಯುವವನು ತಾನು ಯಾವ ನಿಯಮದಿಂದ ಬೀಳದೆ ನಿಂತಿದ್ದೇನೆ ಎಂಬುದನ್ನು ಬಾಯಲ್ಲಿ ಹೇಳಲಾರ, ಆದರೂ ನಿಯಮ ಪಾಲಿಸುತ್ತಿರುತ್ತಾನೆ ಎಂದು ಆತ 1958ರ ಪುಸ್ತಕದಲ್ಲಿ ವಿವರಿಸುತ್ತಾನೆ. ಬಾಯಿ ಸುಳ್ಳು ಹೇಳಬಹುದು, ಕೈ ಹೇಳುವುದಿಲ್ಲ ಎನ್ನುವಂಥ ವಾಕ್ಯವೊಂದು ಆ ಅಧ್ಯಾಯದ ಕೊನೆಯಲ್ಲಿತ್ತು. ಮಾರ್ಗದರ್ಶಕರು ಅದರ ಪಕ್ಕ ಪೆನ್ಸಿಲಿನಲ್ಲಿ ಒಂದು ಪ್ರಶ್ನೆಚಿಹ್ನೆ ಹಾಕಿದ್ದರು. ನಾನು ಅಳಿಸಿದ್ದೆ. ಪ್ರಶ್ನೆಚಿಹ್ನೆಯನ್ನು, ವಾಕ್ಯವನ್ನಲ್ಲ.

2024ರ ಜೂನಿನಲ್ಲಿ ಅಪ್ಪ ಕಣ್ಣಿನ ಪೊರೆ ತೋರಿಸಿಕೊಳ್ಳಲು ಬಂದ. ಮೆಜೆಸ್ಟಿಕ್‌ನಲ್ಲಿ ಮೆಟ್ರೊ ಹತ್ತಿ ಗರುಡಾಚಾರ್ ಪಾಳ್ಯದಲ್ಲಿ ಇಳಿದ. ಕರೆದುಕೊಂಡು ಬರಲು ನಾನು ಬೈಕಿನಲ್ಲಿ ಹೋದೆ. ಅಪ್ಪನಿಗೆ ಭಾವನ ದೊಡ್ಡ ಹೆಲ್ಮೆಟ್ಟು ಕೊಟ್ಟು ಪಟ್ಟಿ ನಾನೇ ಬಿಗಿದೆ. ಹಿಂದೆ ಕೂರುವವರಿಗೂ ಹೆಲ್ಮೆಟ್ ಕಡ್ಡಾಯ ಎಂದು 2016ರ ಜನವರಿಯಲ್ಲಿ ರಾಜ್ಯ ಸರ್ಕಾರ ಹೇಳಿದಾಗ ಊರಲ್ಲಿ ಅಪ್ಪ ನಕ್ಕಿದ್ದನ್ನು ನೆನಪಿಸಿ ರೇಗಿಸಿದೆ. ಮಳೆ ಬಂದು ನಿಂತಿತ್ತು. ಕೈಗಾರಿಕಾ ಪ್ರದೇಶದ ಒಳರಸ್ತೆ. 40ರ ಆಸುಪಾಸಿನಲ್ಲಿದ್ದೆ. ಒಂದು ಕಾಂಪೌಂಡಿನ ಗೇಟಿನಿಂದ ಗೂಡ್ಸ್ ಆಟೋದ ಮೂತಿ ಹೊರಬಂತು.

ಕಾಲು ಒತ್ತಿದೆ. ಇದ್ದ ಬದ್ದ ಬಲವೆಲ್ಲ ಹಾಕಿ ಒತ್ತಿದೆ. ಹಿಂದಿನ ಚಕ್ರ ತಿರುಗುವುದು ನಿಂತಿತು, ಗಾಡಿ ನಿಲ್ಲಲಿಲ್ಲ. ಹಿಂಭಾಗ ಎಡಕ್ಕೆ ಜಾರಿ, ಅಪ್ಪನ ಭಾರವೂ ಅತ್ತಲೇ ವಾಲಿ, ನಾವಿಬ್ಬರೂ ರಸ್ತೆಯ ಮೇಲೆ ಮೀನಿನಂತೆ ಉದ್ದಕ್ಕೆ ಸರಿದೆವು. ಆಟೋದವನು ಮೊದಲೇ ನಿಲ್ಲಿಸಿಕೊಂಡಿದ್ದ. ನಾವು ಅದಕ್ಕೆ ತಾಗಲೇ ಇಲ್ಲ. ತಾಗಿದ್ದರೆ ಅವನ ಮೇಲೆ ಹಾಕಬಹುದಿತ್ತು. ಏನಕ್ಕೂ ಗುದ್ದದೆ, ಖಾಲಿ ರಸ್ತೆಯಲ್ಲಿ, ನಾವಾಗಿಯೇ ಬಿದ್ದಿದ್ದೆವು.

ನನಗೆ ಮೊಣಕೈ ತರಚಿತು. ಅಪ್ಪನ ಎಡ ಭುಜದ ಕಾಲರ್ ಮೂಳೆ ಮುರಿಯಿತು. ಪೊರೆ ತೋರಿಸಲು ಬಂದವನು ಕೈಗೆ ಜೋಳಿಗೆ ಕಟ್ಟಿಸಿಕೊಂಡು ಊರಿಗೆ ಹೋದ. ಆಸ್ಪತ್ರೆಯಲ್ಲಿ, ಅಕ್ಕನ ಮನೆಯಲ್ಲಿ, ಆಮೇಲೆ ಊರಿನಲ್ಲಿ, ನೋಡಲು ಬಂದ ಪ್ರತಿಯೊಬ್ಬರಿಗೂ ಅಪ್ಪ ಒಂದೇ ಮಾತು ಹೇಳಿದ. "ನಮ್ಮ ಹುಡ್ಗಿ ಮುಂದಿನ ಬ್ರೇಕು ಮುಟ್ಲಿಲ್ಲ ನೋಡಿ. ಮುಟ್ಟಿದ್ರೆ ಇಬ್ರೂ ಮಕಾಡೆ ಹೋಗಿರ್ತಿದ್ವಿ. ಹೆಂಗೆ ಕಂಟ್ರೋಲ್ ಮಾಡಿದ್ಳು!"

ಪಲ್ಸರ್ ಮೇಲೆ ಟಾರ್ಪಾಲು ಹೊದಿಸಿದೆ. ನೇರಳೆ ಮಾರ್ಗದಲ್ಲಿ ಕೂತರೆ ಗರುಡಾಚಾರ್ ಪಾಳ್ಯದಿಂದ ಜ್ಞಾನಭಾರತಿಗೆ ಎಲ್ಲೂ ಬದಲಿಸಬೇಕಿಲ್ಲ. ಆರೇಳು ತಿಂಗಳು ಹಾಗೆಯೇ ಓಡಾಡಿದೆ. ಯಾರಾದರೂ ಕೇಳಿದರೆ "ಮೆಟ್ರೊದಲ್ಲಿ ಓದಿಕೊಂಡು ಹೋಗಬಹುದು" ಅನ್ನುತ್ತಿದ್ದೆ. ಆ ಆರೇಳು ತಿಂಗಳಲ್ಲಿ ಮೆಟ್ರೊದಲ್ಲಿ ಒಂದು ಪುಟವನ್ನೂ ಓದಿದ ನೆನಪಿಲ್ಲ.

ಭಾವ ರಿಂಗ್ ರೋಡಿನ ಕಂಪನಿಯೊಂದರಲ್ಲಿ ಇದ್ದಾರೆ. ಭಾನುವಾರ ಬೆಳಗಿನ ಜಾವ ಎದ್ದು ಗೆಳೆಯರೊಡನೆ ಬುಲೆಟ್ಟಿನಲ್ಲಿ ನಂದಿ ಕಡೆ ಹೋಗಿ ಇಡ್ಲಿ ತಿಂದು ಬರುವ ಗುಂಪಿನವರು. 2025ರ ಫೆಬ್ರವರಿಯಲ್ಲಿ ಆ ಗುಂಪಿನವರೆಲ್ಲ ಸೇರಿ, ಈಗಾಗಲೇ ಚೆನ್ನಾಗಿ ಓಡಿಸುವವರಿಗೆಂದೇ ನಡೆಸುವ ಒಂದು ದಿನದ ಸುರಕ್ಷತಾ ತರಬೇತಿಗೆ ಹೆಸರು ಕೊಟ್ಟಿದ್ದರು. ನನ್ನ ಹೆಸರನ್ನೂ ಕೇಳದೆ ಸೇರಿಸಿದ್ದರು. "ನಾನು ಕಲಿಯೋರ ಪೈಕಿ ಅಲ್ಲ ಭಾವ, ಬಿಟ್ಟೋರ ಪೈಕಿ" ಅಂದೆ. "ಬಿಡೋಕಾದ್ರೂ ಸರಿಯಾಗಿ ಕಲ್ತು ಬಿಡಮ್ಮ" ಅಂದರು.

ಇಂಥ ತರಬೇತಿ ಬೆಂಗಳೂರಿಗೆ ಹೊಸದಲ್ಲ ಎಂದು ಆಮೇಲೆ ತಿಳಿಯಿತು. ಅಮೆರಿಕದ ಕೀತ್ ಕೋಡ್ 1980ರಲ್ಲಿ ಶುರುಮಾಡಿದ ಕ್ಯಾಲಿಫೋರ್ನಿಯಾ ಸೂಪರ್‌ಬೈಕ್ ಸ್ಕೂಲ್ ಶ್ರೀಪೆರಂಬುದೂರು ಬಳಿಯ ರೇಸ್ ಟ್ರ್ಯಾಕಿಗೆ ಬಂದಾಗ ಇಲ್ಲಿಂದ ಹೋಗಿ ಕಲಿತು ಬಂದವರಿದ್ದಾರೆ. 2015ರಲ್ಲಿ ಡಕಾರ್ ರ‍್ಯಾಲಿಯಲ್ಲಿ ಓಡಿ ಮುಗಿಸಿದ ಮೊದಲ ಭಾರತೀಯ ಸಿ.ಎಸ್. ಸಂತೋಷ್ ಬೆಂಗಳೂರಿನವರೇ. ನಾವು ಹೋದದ್ದು ಅಂಥ ದೊಡ್ಡ ಜಾಗಕ್ಕೇನಲ್ಲ. ಹೊಸಕೋಟೆಯ ಆಚೆ ಲಾರಿಗಳು ನಿಲ್ಲುವ ಒಂದು ಸಿಮೆಂಟಿನ ಬಯಲು, ಭಾನುವಾರವಾದ್ದರಿಂದ ಖಾಲಿ. ಕಿತ್ತಳೆ ಬಣ್ಣದ ಕೋನುಗಳು, ಸೀಮೆಸುಣ್ಣದ ಗೆರೆಗಳು, ಒಂದು ಶಾಮಿಯಾನ, ಕ್ಯಾನಿನಲ್ಲಿ ಮಜ್ಜಿಗೆ. ಹದಿನಾಲ್ಕು ಜನರಲ್ಲಿ ಇಬ್ಬರು ಹೆಂಗಸರು.

ಕಲಿಸುವವರು ಅರವತ್ತು ದಾಟಿದ ಒಬ್ಬರು. ಹುಟ್ಟಿ ಬೆಳೆದದ್ದು ಶಿವಾಜಿನಗರ, ಹುಡುಗುತನದಲ್ಲಿ ಮದರಾಸಿನ ಹತ್ತಿರ ಷೋಳಾವರಂನ ಹಳೆಯ ವಿಮಾನದಾರಿಯಲ್ಲಿ ರೇಸು ಓಡಿದವರು. ಕನ್ನಡ, ತಮಿಳು, ಉರ್ದು ಮೂರನ್ನೂ ಒಂದೇ ಲೋಟದಲ್ಲಿ ಕಲಸಿದಂಥ ಮಾತು. ನಿಂತ ನಿಲುವಿನಲ್ಲೇ ಕೇಳಿದರು.

"ಎಷ್ಟು ವರ್ಷದಿಂದ ಓಡಿಸ್ತಾ ಇದೀರಾ?"

ಹತ್ತು, ಹದಿನೈದು, ಇಪ್ಪತ್ತೆರಡು. ಹೇಳುವಾಗ ಎಲ್ಲರ ಎದೆಯೂ ಸ್ವಲ್ಪ ಮುಂದೆ ಬಂತು.

"ಬಿದ್ದೋರು ಯಾರ್ಯಾರು?"

ಎಲ್ಲರೂ ಕೈ ಎತ್ತಿದರು.

"ಯಾಕ್ ಬಿದ್ರಿ?"

ನಾಯಿ ಸಾರ್. ಮರಳು. ಆಟೋ. ಮಳೆ. ಯಾರೋ ಕಾರಿನ ಬಾಗಿಲು ತೆಗೆದ. ನನ್ನ ಸರದಿ ಬಂದಾಗ "ಗೂಡ್ಸ್ ಆಟೋ" ಅಂದೆ.

ಅವರು ಒಂದು ಕ್ಷಣ ಸುಮ್ಮನಿದ್ದರು. "ನಾಯಿ, ಮರಳು, ಆಟೋ, ಮಳೆ. ಗಾಡಿ ಮೇಲೆ ಕೂತಿದ್ದೋರು ಯಾರೂ ಲಿಸ್ಟಲ್ಲಿ ಬರ್ಲೇ ಇಲ್ಲ."

ಮೊದಲ ಪಾಠ ನಿಲ್ಲುವುದು. ಒಂದು ಗೆರೆಯವರೆಗೆ ಗಂಟೆಗೆ 40 ಕಿಲೋಮೀಟರಿನಲ್ಲಿ ಬರಬೇಕು, ಗೆರೆ ದಾಟಿದೊಡನೆ ನಿಲ್ಲಿಸಬೇಕು. ನಿಂತ ಜಾಗಕ್ಕೆ ಅವರ ಹುಡುಗ ಟೇಪು ಹಿಡಿದು ಅಳೆಯುತ್ತಾನೆ. 40 ಕಿಲೋಮೀಟರ್ ಎಂದರೆ ನಡೆದಷ್ಟೇ ನಿಧಾನ ಎಂದು ನನ್ನ ಭಾವನೆ. ಲೆಕ್ಕ ಹಾಕಿದರೆ ಸೆಕೆಂಡಿಗೆ 11 ಮೀಟರ್. ಮೊದಲ ಸುತ್ತು ಕಾಲಿನ ಬ್ರೇಕು ಮಾತ್ರ. ನಾನು ನಿಂತದ್ದು 18 ಮೀಟರಿಗೆ, ಅದೂ ಬಾಲ ಆಡಿಸಿಕೊಂಡು. ಎರಡನೇ ಸುತ್ತು ಎರಡೂ ಬ್ರೇಕು. ನನ್ನ ಬೆರಳು ಏಳಲಿಲ್ಲ. ಏಳು ಎಂದು ಹೇಳುತ್ತಿದ್ದೇನೆ, ಗೆರೆ ಬರುತ್ತಿದೆ, ಬೆರಳು ಹ್ಯಾಂಡಲ್ ಸುತ್ತ ಮಡಚಿಕೊಂಡೇ ಇದೆ. ಮತ್ತೆ 18. ಮೂರನೇ ಸಲವೂ ಅಷ್ಟೇ. ಉಳಿದವರು ಶಾಮಿಯಾನದಡಿಯಿಂದ ನೋಡುತ್ತಿದ್ದರು.

ಅವರು ಹತ್ತಿರ ಬಂದು ಬೈಕು ಆಫ್ ಮಾಡಿಸಿದರು. "ಮೇಡಂ, ಬಿಎಂಟಿಸಿ ಬಸ್ಸಲ್ಲಿ ನಿಂತ್ಕೊಂಡು ಹೋಗಿದೀರಾ? ಡ್ರೈವರ್ರು ಬ್ರೇಕ್ ಹೊಡೆದ್ರೆ ಜನ ಎಲ್ಲಿಗೆ ಹೋಗ್ತಾರೆ?"

"ಮುಂದಕ್ಕೆ."

"ಗಾಡೀದೂ ಅಷ್ಟೇ. ಭಾರ ಎಲ್ಲಾ ಮುಂದಿನ ಚಕ್ರದ ಮೇಲೆ ಬೀಳತ್ತೆ. ಹಿಂದಿನ ಚಕ್ರ ಆಗ ರೋಡನ್ನ ಸುಮ್ನೆ ಮುಟ್ಕೊಂಡಿರತ್ತೆ ಅಷ್ಟೇ. ಮುಟ್ಕೊಂಡಿರೋದನ್ನ ಒತ್ತಿದ್ರೆ ಜಾರತ್ತೆ. ಊರಿಕೊಂಡಿರೋದನ್ನ ಒತ್ತಿದ್ರೆ ನಿಲ್ಲತ್ತೆ."

ಆಮೇಲೆ ಅವರು ಹೇಳಿದ್ದು ನನಗೆ ಇನ್ನೂ ಮುಖ್ಯ. ಮುಂದಿನ ಬ್ರೇಕನ್ನು ಗಬಕ್ಕನೆ ಹಿಡಿದರೆ ಅದು ನಿಜಕ್ಕೂ ಬೀಳಿಸುತ್ತದೆ. ಭಾರ ಇನ್ನೂ ಮುಂದೆ ಬರುವ ಮೊದಲೇ ಚಕ್ರ ಕಟ್ಟಿಹೋಗುತ್ತದೆ. ಮೊದಲು ಎರಡು ಬೆರಳಲ್ಲಿ ಮೆಲ್ಲಗೆ ಒತ್ತಬೇಕು, ಮುಂದಿನ ಶಾಕ್ ಅಬ್ಸಾರ್ಬರು ಕುಗ್ಗುವುದು ಕೈಗೆ ತಿಳಿಯಬೇಕು, ಕುಗ್ಗಿದ ಮೇಲೆ ಹಿಂಡುತ್ತಾ ಹೋಗಬೇಕು. ಇಷ್ಟೂ ಅರ್ಧ ಸೆಕೆಂಡಿನ ಕೆಲಸ. 2019ರ ಏಪ್ರಿಲ್‌ನಿಂದ ಮಾರಾಟವಾಗುವ 125 ಸಿಸಿಗಿಂತ ದೊಡ್ಡ ಬೈಕುಗಳಿಗೆಲ್ಲ ಎಬಿಎಸ್ ಕಡ್ಡಾಯವಾಗಿದೆ. ಚಕ್ರ ಕಟ್ಟಿಹೋಗದಂತೆ ಅದೇ ನೋಡಿಕೊಳ್ಳುತ್ತದೆ. ನನ್ನ ಹಳೆಯ ಪಲ್ಸರಿನಲ್ಲಿ ಅದಿಲ್ಲ. ನನ್ನ ಎಬಿಎಸ್ ನನ್ನ ಬೆರಳೇ ಆಗಬೇಕು.

ಹತ್ತು ಸಲ ನಿಂತ ಗಾಡಿಯಲ್ಲಿ ಒತ್ತಿದೆ. ಹತ್ತು ಸಲ ಮೊದಲನೇ ಗೇರಿನಲ್ಲಿ. ಮಧ್ಯಾಹ್ನದ ಹೊತ್ತಿಗೆ 13 ಮೀಟರ್, ಊಟವಾದ ಮೇಲೆ 11, ಸಂಜೆಗೆ ಒಮ್ಮೆ ಹತ್ತಕ್ಕಿಂತ ಸ್ವಲ್ಪ ಒಳಗೆ. ಟೇಪಿನ ಹುಡುಗ ಸೀಮೆಸುಣ್ಣದಲ್ಲಿ ನನ್ನ ಎರಡು ಗುರುತುಗಳನ್ನೂ ಹಾಕಿದ್ದ. ಬೆಳಗಿನದಕ್ಕೂ ಸಂಜೆಯದಕ್ಕೂ ನಡುವೆ ಎರಡು ಕಾರು ಸಾಲಾಗಿ ನಿಲ್ಲಿಸುವಷ್ಟು ಜಾಗ. ನಾನು ಆ ಜಾಗದಲ್ಲಿ ಸ್ವಲ್ಪ ಹೊತ್ತು ನಡೆದಾಡಿದೆ. ಇಷ್ಟುದ್ದ ನಾನೂ ಅಪ್ಪನೂ ಜಾರಿದ್ದೆವು.

ಎಲ್ಲರೂ ಮಜ್ಜಿಗೆ ಕುಡಿಯುತ್ತಿದ್ದಾಗ ಅವರ ಹತ್ತಿರ ಹೋಗಿ ಅವತ್ತಿನದನ್ನು ಪೂರ್ತಿ ಹೇಳಿದೆ. ಒದ್ದೆ ರಸ್ತೆ, ಹಿಂದೆ ಅಪ್ಪ, ಕಾಲಿನ ಬ್ರೇಕು ಮಾತ್ರ. ಮುಂದಿನದನ್ನೂ ಹಿಡಿದಿದ್ದರೆ ಬೀಳುತ್ತಿರಲಿಲ್ಲವಾ? ಅವರು ಬಹಳ ಹೊತ್ತು ಯೋಚಿಸಿದರು. ಹಿಂದೆ ಒಬ್ಬರು ಕೂತಿದ್ದರೆ ಹಿಂದಿನ ಚಕ್ರದ ಮೇಲೂ ಭಾರ ಇರುತ್ತದೆ, ಅದಕ್ಕೂ ಕೆಲಸವಿದೆ, ಆದರೆ ತುಳಿದರೆ ಅದೂ ಕಟ್ಟಿಹೋಗುತ್ತದೆ ಎಂದರು. "ನಾನು ಅಲ್ಲಿರ್ಲಿಲ್ಲ ಮೇಡಂ. ಬೀಳ್ತಿರ್ಲಿಲ್ಲ ಅಂತ ಹೇಳಲ್ಲ. ನೀವು ನಾಲ್ಕಾಣೆ ಬ್ರೇಕಲ್ಲಿ ಹದಿನಾರಾಣೆ ಕೆಲಸ ಮಾಡೋಕೆ ಹೋದ್ರಿ, ಅಷ್ಟು ಹೇಳಬಹುದು."

ಮಧ್ಯಾಹ್ನದ ಮೇಲೆ ಇನ್ನೊಂದು ಪಾಠ ಇತ್ತು, ತಿರುಗುವುದು. ಬಲಕ್ಕೆ ಹೋಗಬೇಕಾದರೆ ಬಲ ಹ್ಯಾಂಡಲ್ಲನ್ನು ಮುಂದಕ್ಕೆ ತಳ್ಳಬೇಕು. ಅಂದರೆ ಚಕ್ರವನ್ನು ಕ್ಷಣಕಾಲ ಎಡಕ್ಕೆ ತಿರುಗಿಸಬೇಕು, ಆಗ ಗಾಡಿ ಬಲಕ್ಕೆ ವಾಲುತ್ತದೆ. ಕೇಳಿದವರೆಲ್ಲ "ಸಾಧ್ಯವೇ ಇಲ್ಲ" ಎಂದರು. ಇಪ್ಪತ್ತೆರಡು ವರ್ಷ ಓಡಿಸಿದ ಭಾವನ ಗೆಳೆಯರು ವಾದಕ್ಕೇ ನಿಂತರು. ಒಬ್ಬೊಬ್ಬರಾಗಿ ಹೋಗಿ ಅಂಗೈಯಿಂದ ತಳ್ಳಿ ನೋಡಿ ಪೆಚ್ಚುಮುಖ ಹಾಕಿಕೊಂಡು ಬಂದರು. ಇಷ್ಟು ವರ್ಷ ಹಾಗೆಯೇ ತಿರುಗಿಸುತ್ತಿದ್ದರು, ತಿಳಿದಿರಲಿಲ್ಲ. ವಿಮಾನ ಹಾರಿಸಿದ ರೈಟ್ ಸೋದರರು ಸೈಕಲ್ ಅಂಗಡಿಯವರು. ಅವರಲ್ಲಿ ವಿಲ್ಬರ್ ಇದನ್ನು ಆ ಕಾಲಕ್ಕೇ ಗಮನಿಸಿದ್ದ, ಕೇಳಿದ ಸೈಕಲ್ ಸವಾರರಲ್ಲಿ ಯಾರಿಗೂ ತಾವು ಮಾಡುತ್ತಿರುವುದು ಏನೆಂದು ಸರಿಯಾಗಿ ಹೇಳಲಾಗಲಿಲ್ಲವಂತೆ. ಎಚ್‌ಎಎಲ್ ವಿಮಾನಗಳು ದಿನಾ ನಮ್ಮ ತಾರಸಿಯ ಮೇಲೆ ಗುಡುಗಿಕೊಂಡು ಹೋಗುವಾಗ ಈಗ ನನಗೆ ಆ ಸೈಕಲ್ ಅಂಗಡಿ ನೆನಪಾಗುತ್ತದೆ.

ಸಾವಧಾನವಾಗಿ ಹೋಗುವಾಗ ಕೈ ತನ್ನ ಪಾಡಿಗೆ ತಾನು ಸರಿಯಾಗಿಯೇ ತಳ್ಳುತ್ತದೆ. ಗಾಬರಿಯಾದಾಗ ತಲೆ ಅಡ್ಡ ಬರುತ್ತದೆ, ಗುಂಡಿ ಎಡಕ್ಕಿದ್ದರೆ ಹ್ಯಾಂಡಲ್ಲನ್ನು ಬಲಕ್ಕೆ ಎಳೆಯುತ್ತೇವೆ, ಗಾಡಿ ಸೀದಾ ಗುಂಡಿಗೇ ಹೋಗುತ್ತದೆ. ಸಾಲದ್ದಕ್ಕೆ ಕಣ್ಣೂ ಗುಂಡಿಯ ಮೇಲೇ ಇರುತ್ತದೆ. "ಕಣ್ಣು ಎಲ್ಲಿ, ಗಾಡಿ ಅಲ್ಲಿ" ಎಂದು ಅವರು ದಿನವಿಡೀ ಕೂಗುತ್ತಲೇ ಇದ್ದರು.

ಸಂಶೋಧಕರ ಚಾಳಿ, ಮನೆಗೆ ಬಂದ ರಾತ್ರಿಯೇ ಓದಲು ಕೂತೆ. ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಹ್ಯಾರಿ ಹರ್ಟ್ ಎಂಬಾತನ ತಂಡ ಲಾಸ್ ಏಂಜಲೀಸ್ ಸುತ್ತಮುತ್ತ ಬೈಕುಗಳು ಬಿದ್ದ 900 ಜಾಗಗಳಿಗೆ ಹೋಗಿ ನೋಡಿ 1981ರಲ್ಲಿ ವರದಿ ಕೊಟ್ಟಿತು. ಇವತ್ತಿಗೂ ಈ ವಿಷಯದಲ್ಲಿ ಎಲ್ಲರೂ ಮೊದಲು ತೆರೆಯುವುದು ಅದನ್ನೇ. ಬಿದ್ದವರಲ್ಲಿ ನೂರಕ್ಕೆ 92 ಮಂದಿ ತಾವಾಗಿಯೇ ಕಲಿತವರು ಅಥವಾ ಮನೆಯವರಿಂದ, ಗೆಳೆಯರಿಂದ ಕಲಿತವರು. ಅಪಾಯ ಕಂಡಾಗಿನಿಂದ ಅವರಿಗೆ ಸಿಕ್ಕಿದ್ದು ಸಾಮಾನ್ಯವಾಗಿ ಎರಡು ಸೆಕೆಂಡಿಗೂ ಕಡಿಮೆ. ಆ ಎರಡು ಸೆಕೆಂಡಿನಲ್ಲಿ ಹೆಚ್ಚಿನವರು ಹಿಂದಿನ ಬ್ರೇಕನ್ನು ಅತಿಯಾಗಿ ತುಳಿದು ಜಾರಿದ್ದರು, ಮುಂದಿನದನ್ನು ಸಾಕಷ್ಟು ಹಿಡಿದಿರಲಿಲ್ಲ. ಗಾಡಿಯನ್ನು ತಳ್ಳಿ ಪಕ್ಕಕ್ಕೆ ತಪ್ಪಿಸಿಕೊಳ್ಳುವುದು ಗೊತ್ತಿದ್ದವರಂತೂ ಇಲ್ಲವೇ ಇಲ್ಲ ಅನ್ನುವಷ್ಟು.

'ಮನೆಯವರಿಂದ ಕಲಿತವರು' ಎನ್ನುವಲ್ಲಿ ನಾನು ಬಹಳ ಹೊತ್ತು ನಿಂತೆ. ನಮ್ಮ ದೇಶದಲ್ಲಿ 2022ರಲ್ಲಿ ರಸ್ತೆಯ ಮೇಲೆ ಸತ್ತವರು 1,68,491 ಮಂದಿ, ಅದರಲ್ಲಿ ನೂರಕ್ಕೆ 44ಕ್ಕಿಂತ ಹೆಚ್ಚು ದ್ವಿಚಕ್ರದವರು ಎಂದು ಕೇಂದ್ರ ಸಾರಿಗೆ ಸಚಿವಾಲಯದ ವರದಿ ಹೇಳುತ್ತದೆ. ಲೈಸೆನ್ಸಿಗೆ ಎಂಟು ಹಾಕಿ ತೋರಿಸುತ್ತೇವೆ, ಅಲ್ಲಿಗೆ ಮುಗಿಯಿತು. ಉಳಿದದ್ದೆಲ್ಲ ಅಪ್ಪ, ಅಣ್ಣ, ಮಾವ. ಮುಂದಿನ ಬ್ರೇಕು ಮುಟ್ಟಬೇಡ ಎಂಬ ಮಾತನ್ನು ನಾನು ಆಮೇಲೆ ಹಲವರಲ್ಲಿ ವಿಚಾರಿಸಿದೆ. ಕೋಲಾರದವರು, ಹಾಸನದವರು, ರಾಯಚೂರಿನವರು, ಎಲ್ಲರಿಗೂ ಮನೆಯಲ್ಲಿ ಯಾರೋ ಹೇಳಿಕೊಟ್ಟಿದ್ದಾರೆ. ನನ್ನ ವೃತ್ತಿಪದಗಳಿಗಿಂತ ಇದೇ ಹೆಚ್ಚು ದೂರ ಹರಡಿದೆ.

ಅಧ್ಯಾಯದ ಕೊನೆಯ ವಾಕ್ಯವನ್ನು ಹೊಡೆದು ಹಾಕಿದೆ. ಕೈ ಸುಳ್ಳು ಹೇಳುವುದಿಲ್ಲ, ನಿಜ. ಆದರೆ ಹೇಳಿಕೊಟ್ಟ ಸುಳ್ಳನ್ನೂ ಅದು ಅಷ್ಟೇ ನಿಯತ್ತಿನಿಂದ ಇಟ್ಟುಕೊಂಡಿರುತ್ತದೆ. ಕನ್ನಡದಲ್ಲಿ 'ಅಭ್ಯಾಸ' ಎಂದರೆ ಸಾಧನೆಯೂ ಹೌದು, ಬಿಡಲಾಗದ ಚಟವೂ ಹೌದು. ಎರಡಕ್ಕೂ ಒಂದೇ ಪದವಿರುವುದನ್ನು ಅಷ್ಟು ವರ್ಷ ಪದ ಸಂಗ್ರಹಿಸುತ್ತ ಕೂತ ನಾನು ನೋಡಿರಲಿಲ್ಲ.

ಬೈಕಿನ ಟಾರ್ಪಾಲು ತೆಗೆದೆ. ದೊಡ್ಡನೆಕ್ಕುಂದಿ ಕೆರೆಯ ಕಡೆಯ ರಸ್ತೆ ಬೆಳಗ್ಗೆ ಆರಕ್ಕೆ ಖಾಲಿ ಇರುತ್ತದೆ. ವಾಕಿಂಗಿನವರು ವಿಚಿತ್ರವಾಗಿ ನೋಡುವಂತೆ ಅಲ್ಲಿ ದಿನಾ ಹತ್ತು ಸಲ ನಿಲ್ಲಿಸುವುದನ್ನು ರೂಢಿ ಮಾಡಿದೆ. ಅದು ಸುಲಭದ ಭಾಗ. ಕಷ್ಟದ್ದು ಊರಲ್ಲಿತ್ತು.

ಅಪ್ಪ ಈಗಲೂ ದಿನಾ ಬೆಳಗ್ಗೆ ಡೇರಿಗೆ ಹಾಲು ಹಾಕಲು, ತೋಟಕ್ಕೆ, ಸಂತೆಗೆ, 2003ರ ಸ್ಪ್ಲೆಂಡರಿನಲ್ಲೇ ಹೋಗುತ್ತಾನೆ. ಹೇಳದೆ ಇದ್ದರೆ ಅವನು ಹಾಗೆಯೇ ಓಡಿಸುತ್ತಾನೆ. ಹೇಳಿದರೆ, ಅವತ್ತು ನಾವು ಬಿದ್ದದ್ದರ ಮೂಲ ಯಾರ ಪಾಠದಲ್ಲಿದೆ ಎಂದು ಲೆಕ್ಕ ಹಾಕಲು ಮೇಷ್ಟ್ರಿಗೆ ಹೊತ್ತು ಹಿಡಿಯುವುದಿಲ್ಲ. ಬಂದವರಿಗೆಲ್ಲ ಮಗಳನ್ನು ಹೊಗಳಿದವನಿಗೆ ಇದನ್ನು ಯಾವ ಬಾಯಲ್ಲಿ ಹೇಳುವುದು?

ಯುಗಾದಿಗೆ ಹೋದೆ. ಹಬ್ಬದ ಮಾರನೆಯ ದಿನ, ಅಪ್ಪ ಹೊಲದ ಕಡೆ ಹೋದಾಗ ಸ್ಪ್ಲೆಂಡರ್ ಹತ್ತಿ ಊರಾಚೆ ಒಂದು ಸುತ್ತು ಹೋದೆ. ಮುಂದಿನ ಬ್ರೇಕು ಒತ್ತಿದರೆ ಲಿವರ್ ಹ್ಯಾಂಡಲ್ಲಿಗೆ ಬಂದು ತಾಗಿತು, ಗಾಡಿಗೆ ಏನೂ ಆಗಲಿಲ್ಲ. ಬ್ರೇಕೇ ಇರಲಿಲ್ಲ. ಮೆಕ್ಯಾನಿಕ್ಕಿನ ಹತ್ತಿರ ತಳ್ಳಿಕೊಂಡು ಹೋದೆ. ಅವನು ನಕ್ಕ. "ಮೇಷ್ಟ್ರೇ ಸಡ್ಲ ಮಾಡ್ಸಿರೋದು ಅಕ್ಕ. ಪ್ರತಿ ಸರ್ವೀಸಿಗೂ ಹೇಳ್ತಾರೆ, ಅಪ್ಪಿತಪ್ಪಿ ಕೈ ಬಿದ್ರೂ ಹಿಡೀಬಾರ್ದು ಅಂತ."

ಕೇಬಲ್ಲು ಬಿಗಿ ಮಾಡಿಸಿದೆ. ಸಂಜೆ ಜಗುಲಿಯ ಮೇಲೆ ಎಲ್ಲ ಹೇಳಿದೆ. ಗೆರೆ, ಟೇಪು, 18 ಮೀಟರು, 10 ಮೀಟರು. ಅಪ್ಪ ಕೇಳಿಸಿಕೊಂಡ, ನಡುವೆ ಒಂದು ಮಾತೂ ಆಡಲಿಲ್ಲ. ಆಮೇಲೆ, ನಾನು ಯಾವತ್ತೂ ಕೇಳಿರದ ಒಂದು ಸಂಗತಿ ಹೇಳಿದ. 1996ರಲ್ಲಿ ಅವನ ಜೊತೆಗೆ ಕೆಲಸ ಮಾಡುತ್ತಿದ್ದ ಮೇಷ್ಟ್ರೊಬ್ಬರು ರಾಜದೂತಿನಲ್ಲಿ ಹೋಗುವಾಗ ಜಲ್ಲಿ ರಸ್ತೆಯಲ್ಲಿ ಎಮ್ಮೆ ಅಡ್ಡ ಬಂತು. ಮುಂದಿನ ಬ್ರೇಕು ಹಿಡಿದರು. ಮಕಾಡೆ ಬಿದ್ದರು. ಹೆಲ್ಮೆಟ್ಟಿಲ್ಲ. ಅಪ್ಪ ಹಿಂದಿನಿಂದ ಸೈಕಲ್ಲಿನಲ್ಲಿ ಬರುತ್ತಿದ್ದ. ತುಮಕೂರಿಗೆ ಸಾಗಿಸುವಾಗ ಅವರ ತಲೆ ಅಪ್ಪನ ತೊಡೆಯ ಮೇಲಿತ್ತು. ತುಮಕೂರು ಬರಲಿಲ್ಲ.

"ಜಲ್ಲಿ ಮೇಲೆ ಗಬಕ್ಕನೆ ಹಿಡಿದ್ರೆ ಹಂಗೇ ಆಗೋದು ಅಪ್ಪ. ನೀನು ಹೇಳಿದ್ದು ಸುಳ್ಳಲ್ಲ. ಹಿಡಿಯೋದು ತಪ್ಪಲ್ಲ, ಗಬಕ್ಕನೆ ಹಿಡಿಯೋದು ತಪ್ಪು."

"ಹಂಗಾರೆ ನಿನ್ನ ಬೀಳಿಸಿದ್ದು ನಾನೇ ಅನ್ನು."

ಇದಕ್ಕೆ ಉತ್ತರ ತಯಾರು ಮಾಡಿಕೊಂಡೇ ಹೋಗಿದ್ದೆ. ಬಾಯಿಗೆ ಬರಲಿಲ್ಲ. ಅಪ್ಪನ ಎಡ ಭುಜದ ಮೇಲೆ ಮೂಳೆ ಕೂಡಿಕೊಂಡ ಕಡೆ ಸಣ್ಣ ಗಂಟೊಂದು ಬನಿಯನ್ನಿನಾಚೆಗೂ ಕಾಣುತ್ತದೆ. ಅದನ್ನೇ ನೋಡುತ್ತ ಕೂತೆ. ಅಪ್ಪ ಎದ್ದು ಹಾಲು ಕರೆಯಲು ಹೋದ.

ನಾನೂ ಹಿಂದೆಯೇ ಕೊಟ್ಟಿಗೆಗೆ ಹೋದೆ. ಕರುವನ್ನು ಬಿಟ್ಟು, ಎಳೆದು ಕಟ್ಟಿ, ಅಪ್ಪ ಕೆಚ್ಚಲಿಗೆ ನೀರು ಚಿಮುಕಿಸಿ ಬೆರಳಿಂದ ಮೆಲ್ಲಗೆ ನೀವಿದ. ಹಸು ಸೊರ ಬಿಡುವವರೆಗೆ ಕಾದ. ಆಮೇಲೆ ಹಿಂಡತೊಡಗಿದ, ಬರಬರುತ್ತ ಜೋರಾಗಿ. ಇಷ್ಟು ವರ್ಷ ನೋಡಿದ್ದೇ. ಅವತ್ತು ಮಾತ್ರ ನೋಡುತ್ತಿದ್ದಂತೆಯೇ ನಗು ಬಂತು.

"ಅಪ್ಪ, ಸೊರ ಬಿಡೋಕೆ ಮುಂಚೆ ಹಿಂಡಿದ್ರೆ ಏನಾಗತ್ತೆ?"

"ಒದೀತದೆ."

"ಮುಂದಿನ ಬ್ರೇಕೂ ಅಷ್ಟೇ."

ಅಪ್ಪ ತಿರುಗಿ ನೋಡಲಿಲ್ಲ. ತಂಬಿಗೆಗೆ ಹಾಲು ಬೀಳುವ ಸದ್ದು ಒಂದು ಗಳಿಗೆ ನಿಂತು ಮತ್ತೆ ಶುರುವಾಯಿತು.

ಮರುದಿನ ಬೆಳಗ್ಗೆ ತೋಟದ ದಾರಿಯ ಹೊಸ ಸಿಮೆಂಟು ರಸ್ತೆಗೆ ಇಬ್ಬರೂ ಹೋದೆವು. ನಾನು ಸೀಮೆಸುಣ್ಣದಲ್ಲಿ ಗೆರೆ ಎಳೆದೆ. ಮನೆಯಲ್ಲಿ ಅದಕ್ಕೇನೂ ಕೊರತೆಯಿಲ್ಲ. ಅಪ್ಪ ಮೊದಲೆರಡು ಸಲ ಕಾಲಲ್ಲೇ ನಿಲ್ಲಿಸಿ, "ಬೆರಳು ಏಳಲ್ಲ ಕಣಮ್ಮ" ಅಂದ. ಮೂರನೆಯ ಸಲಕ್ಕೆ ಎರಡು ಬೆರಳು ಎದ್ದವು. ಗಾಡಿಯ ಮುಂಭಾಗ ತುಸು ಬಗ್ಗಿ, ಗೆರೆಯಿಂದ ಬಹಳ ದೂರವಾಗದೆ ನಿಂತಿತು. ಅಪ್ಪ ಕಾಲು ಊರಿ ಹಾಗೆಯೇ ಕೂತ. ಹೆಲ್ಮೆಟ್ಟಿನೊಳಗೆ ಮುಖ ಕಾಣಲಿಲ್ಲ. ಡೇರಿಯಿಂದ ಬರುತ್ತಿದ್ದವರೊಬ್ಬರು, "ಏನ್ ಮೇಷ್ಟ್ರೇ, ಮಗಳತ್ರ ಲೈಸೆನ್ಸಾ?" ಎಂದರು. "ಹೂಂ, ಎಂಟು ಹಾಕ್ಸಿಲ್ಲ ಇನ್ನೂ" ಎಂದ ಅಪ್ಪ.

ಮೊನ್ನೆ ಫೋನ್ ಮಾಡಿದ್ದ. ಮಳೆ, ತೆಂಗು, ಅಕ್ಕನ ಮಗನ ಶಾಲೆ ಎಲ್ಲ ಆದ ಮೇಲೆ ಕೊನೆಯಲ್ಲಿ ಹೇಳಿದ.

"ಆ ಕೇಬಲ್ಲು ತೀರಾ ಬಿಗಿ ಆಗಿತ್ತು ಕಣಮ್ಮ. ಸ್ವಲ್ಪ ಸಡ್ಲ ಮಾಡ್ದೆ."

"ಎಷ್ಟು ಅಪ್ಪ?"

"ಸ್ವಲ್ಪ."

ಆ ನಟ್ಟಿಗೆ ಸ್ಪ್ಯಾನರ್ ಬೇಕಿಲ್ಲ, ಕೈಯಲ್ಲೇ ತಿರುಗುತ್ತದೆ. ಶನಿವಾರ ಊರಿಗೆ ಹೋಗುತ್ತಿದ್ದೇನೆ.